ಖಂಡೇಪೂಜೆಗೆ ಕೂತ ಹಡಗು

ಲಕ್ಷ್ಮೇಶ್ವರದಿಂದ ಶಿರಹಟ್ಟಿಗೆ ಹೋಗುವ ದಾರಿಯಲ್ಲಿ ಲಾರಿ ತೂಗುವ ಕಾಟಾ ಇಟ್ಟುಕೊಂಡಿರುವ ಅಂದಪ್ಪ ಎಷ್ಟು ಹುಷಾರಿ ಮನುಷ್ಯನೆಂದರೆ, ಸ್ಕೂಟರು ಕೆಟ್ಟು ತಳ್ಳಿಕೊಂಡು ಬರುವಾಗಲೂ ತಲೆಯ ಮೇಲಿನ ಹೆಲ್ಮೆಟ್ಟು ತೆಗೆಯುವವನಲ್ಲ. ಕಾಟಾದ ಖೋಲಿಗೆ ಎರಡು ಕೀಲಿ ಜಡಿದು, ಸ್ವಲ್ಪ ದೂರ ಹೋಗಿ, ತಿರುಗಿ ಬಂದು ಎರಡನ್ನೂ ಜಗ್ಗಿ ನೋಡಿಯೇ ಮನೆಗೆ ಹೋಗುವವನು. ಚಹಾ ಆರಿದ ಮೇಲೂ ನಾಲ್ಕು ಸಲ ಊದಿ ಕುಡಿಯುವವನು. ಇಂಥ ಪುಣ್ಯಾತ್ಮ ತನ್ನ ಟ್ಯಾಬು ಹಿಡಿದು ಆಕಾಶದ ಆಟಕ್ಕೆ ಇಳಿದನೆಂದರೆ ಮಾತ್ರ ಹಿಂದೆ ಮುಂದೆ ನೋಡುತ್ತಿರಲಿಲ್ಲ.

ಆಟ ಇಷ್ಟೇ. ಎಲ್ಲೆಲ್ಲಿಯ ಜನವೋ ಕೂಡಿ ಆಡುವ ಆಟ, ಒಬ್ಬೊಬ್ಬರಿಗೆ ಒಂದೊಂದು ಆಕಾಶದ ಹಡಗು. ಹಡಗಿಗೆ ಹನ್ನೆರಡು ಗೂಡು. ಒಂದೊಂದು ಗೂಡಿನಲ್ಲಿ ಹೊಡೆಯುವ ಗನ್ನಾದರೂ ಹಚ್ಚಬಹುದು, ಹೊಡೆತ ತಡೆಯುವ ಶೀಲ್ಡಾದರೂ ಹಚ್ಚಬಹುದು. ಎಷ್ಟು ಗನ್ನು, ಎಷ್ಟು ಶೀಲ್ಡು ಎಂಬ ಲೆಕ್ಕದಲ್ಲೇ ಆಟದ ಮರ್ಮ. ಅಂದಪ್ಪನ ತಾಯಿ ಸಿದ್ದಲಿಂಗವ್ವ ಇವಕ್ಕೆ ತೋಪು, ಢಾಲು ಎನ್ನುತ್ತಿದ್ದಳು. ಕೇಳಲಿಕ್ಕೆ ಗತ್ತಾಗಿದೆ, ನಾವೂ ಹಾಗೇ ಅನ್ನೋಣ.

ಅಂದಪ್ಪನ ಹಡಗಿನಲ್ಲಿ ಹನ್ನೆರಡೂ ತೋಪು. ಢಾಲು ಒಂದೂ ಇಲ್ಲ. ಕಬ್ಬು ಹೇರಿದ ಲಾರಿ ಕಾಟಾದ ಮೇಲೆ ಬಂದರೆ "ಲೋಡ್ ಜಾಸ್ತಿ ಆತಲೇ, ಪಲ್ಟಿ ಹೊಡೀತೀ" ಎಂದು ಡ್ರೈವರನಿಗೆ ಅರ್ಧ ತಾಸು ಬುದ್ಧಿ ಹೇಳುವ ಮನುಷ್ಯ, ತನ್ನ ಹಡಗಿಗೆ ಮಾತ್ರ ಕೈಗೆ ಸಿಕ್ಕಷ್ಟು ತೋಪು ಹೇರಿದ್ದ. ಕಾಟಾದ ಮಗ್ಗಲಲ್ಲೇ ಪಂಕ್ಚರ್ ಅಂಗಡಿ ಇಟ್ಟಿರುವ ಇಲಿಯಾಸನೂ ಅದೇ ಆಟದವನು. ಅವನದು ಕೆಟ್ಟ ಹಡಗು ದುರಸ್ತಿ ಮಾಡುವ ಹಡಗು. ಆಕಾಶಕ್ಕೆ ಹೋದರೂ ಪಂಕ್ಚರ್ ತೆಗೆಯುವುದು ಅವನಿಗೆ ತಪ್ಪಿರಲಿಲ್ಲ.

"ಅಂದಪ್ಪಣ್ಣಾ, ಆರು ತೋಪ ತಗದು ಆರು ಢಾಲು ಹಚ್ಚರಿ. ನಿಮ್ಮ ಹಡಗ ರಿಪೇರಿ ಮಾಡಿ ಮಾಡಿ ನನಗ ಸಾಕಾಗೇತಿ" ಎಂದು ಇಲಿಯಾಸ ಕೈ ಮುಗಿಯುತ್ತಿದ್ದ.

"ಮೊದಲ ನಾವ ಹೊಡದ್ವಿ ಅಂದ್ರ ವೈರಿನ ಉಳಿಯಂಗಿಲ್ಲ. ವೈರಿ ಇಲ್ಲ ಅಂದ ಮ್ಯಾಲೆ ಢಾಲು ಯಾರಿಗೆ ಹಿಡಿಯೋದಪಾ?" ಎಂದು ಅಂದಪ್ಪ ನಗುತ್ತಿದ್ದ. ವೈರಿ ಮೊದಲು ಹೊಡೆದರೆ ಏನು ಎಂದು ಇಲಿಯಾಸ ಕೇಳುವಷ್ಟರಲ್ಲಿ ಹಡಗು ಸಾಮಾನ್ಯವಾಗಿ ಸ್ಫೋಟವಾಗಿರುತ್ತಿತ್ತು.

ಇದಿಷ್ಟೇ ಆಗಿದ್ದರೆ ಕಥೆಯೇ ಇರುತ್ತಿರಲಿಲ್ಲ. ಅಂದಪ್ಪನ ಹೆಂಡತಿ ನೇತ್ರಾಳ ತವರು ಮುಂಡರಗಿ. ಅಲ್ಲಿ ಮೋಟರ್ ರಿವೈಂಡಿಂಗ್ ಮಾಡುವ ಅವಳ ತಮ್ಮ ಮಹಾದೇವನೂ ಅದೇ ಆಟ ಆಡುತ್ತಿದ್ದ. ಒಂದು ದಿನ ಫೋನಿನಲ್ಲಿ ಮಾತಿಗೆ ಮಾತು ಬೆಳೆಯಿತು. ಅಂದಪ್ಪ ಏರಿದ ದನಿಯಲ್ಲಿ ಪಂದ್ಯ ಕಟ್ಟಿಯೇಬಿಟ್ಟ. ದಸರೆಯ ಆಯುಧಪೂಜೆ, ಅಂದರೆ ಖಂಡೇಪೂಜೆಯ ಸಂಜೆ ಏಳಕ್ಕೆ ಒಬ್ಬರಿಗೊಬ್ಬರು ಯುದ್ಧ. ಸೋತವನು ಮರುದಿನ ಗೆದ್ದವನ ಮನೆಗೆ ಹೋಗಿ, ಮಂದಿ ಎದುರು ಬನ್ನಿ ಕೊಟ್ಟು ಕಾಲಿಗೆ ಬೀಳಬೇಕು.

"ಆತು ನೋಡ್ರಿ ಮಾಮಾ, ಮಾತಂದ್ರ ಮಾತು" ಎಂದ ಮಹಾದೇವ ತಟ್ಟನೆ.

ಅವನು ಅಷ್ಟು ಜಲ್ದಿ ಒಪ್ಪಿದ್ದು ಯಾಕೆಂದು ಅಂದಪ್ಪನಿಗೆ ಹೊಳೆದದ್ದು ರಾತ್ರಿ ಊಟಕ್ಕೆ ಕೂತಾಗ. ಮಹಾದೇವ ಚಿಕ್ಕವನು. ಪ್ರತಿ ದಸರೆಗೂ ಅಕ್ಕನ ಮನೆಗೆ ಬಂದು ಬನ್ನಿ ಕೊಟ್ಟು ಮಾಮಾನ ಕಾಲಿಗೆ ಬೀಳುವವನೇ. ಸೋತರೆ ಅವನಿಗೆ ಹೋಗುವುದು ಏನೂ ಇಲ್ಲ. ಅಂದಪ್ಪ ಸೋತರೆ? ಮುಂಡರಗಿಯಲ್ಲಿ ಅತ್ತೆ ಚನ್ನಮ್ಮ ಕಾಲಿಗೆ ನೀರು ಕೊಟ್ಟು, ಮಣೆ ಹಾಕಿ ಕೂಡಿಸಿ, ಅಳಿಯದೇವರು ಎಂದು ತುಪ್ಪದ ಮೇಲೆ ತುಪ್ಪ ಸುರಿಯುವ ಅದೇ ಪಡಸಾಲೆಯಲ್ಲಿ, ಹೆಂಡತಿಯ ತಮ್ಮನ ಕಾಲಿಗೆ ಬೀಳಬೇಕು! ಆರಿದ ರೊಟ್ಟಿಯನ್ನು ನಾಲ್ಕು ಸಲ ಊದಿದ. ನೇತ್ರಾ ನೀರು ಕೊಟ್ಟಳು.

ಖಂಡೇಪೂಜೆಯ ಮುಂಜಾನೆ ಅಂದಪ್ಪ ತಣ್ಣೀರು ಸ್ನಾನ ಮಾಡಿದ. ದೇವರ ಖೋಲಿಯ ಮುಂದೆ ಕಂಬಳಿ ಹಾಸಿ ಸಿದ್ದಲಿಂಗವ್ವ ಆಯುಧಗಳನ್ನು ಕೂಡಿಸುತ್ತಿದ್ದಳು. ಕುಡುಗೋಲು, ಕೊಡಲಿ, ಈಳಿಗೆ, ಅಂದಪ್ಪನ ಅಪ್ಪನ ಕಾಲದ ಕಬ್ಬಿಣದ ತೂಕದ ಕಲ್ಲು. ಆಗ ನಮ್ಮ ಅಂದಪ್ಪನ ತಲೆಯಲ್ಲಿ ಒಂದು ವಿಚಾರ ಮಿಂಚಿತು. ಕುಡುಗೋಲಿಗೆ ಪೂಜೆಯಿಂದ ಬಲ ಬರುವುದಾದರೆ ತೋಪಿಗೆ ಬರುವುದಿಲ್ಲವೆ? ಟ್ಯಾಬನ್ನು ಮೆತ್ತನೆ ಬಟ್ಟೆಯಿಂದ ಒರೆಸಿ, ಪರದೆಯ ಮೇಲೆ ಹಡಗು ಕಾಣುವಂತೆ ಮಾಡಿ, ಕಳಸಕ್ಕೆ ಒರಗಿಸಿ ನಟ್ಟನಡುವೆ ಇಟ್ಟ. ವಿಭೂತಿ ಹಚ್ಚಿದ. ಚೆಂಡು ಹೂ ಏರಿಸಿದ.

"ಏನಲೇ ಅದು?" ಎಂದಳು ಸಿದ್ದಲಿಂಗವ್ವ.

"ಯವ್ವಾ, ಇದು ನನ್ನ ಆಯುಧ. ಹನ್ನೆರಡು ತೋಪ ಅದಾವು ಇದರಾಗ" ಎಂದ ಅಂದಪ್ಪ, ಮೀಸೆಯ ಮೇಲೆ ಕೈ ಹಾಕಿ.

ಸಿದ್ದಲಿಂಗವ್ವ ಕಣ್ಣರಳಿಸಿ ನೋಡಿ ಕೈ ಮುಗಿದಳು. ಮಗ ಏನೋ ಒಂದು ದೊಡ್ಡದು ಮಾಡುತ್ತಿದ್ದಾನೆಂದು ಅವಳಿಗೆ ಮೊದಲ ಸಲ ಅನ್ನಿಸಿತು. ಮಗ್ಗಲ ಮನೆಯ ಫಕ್ಕೀರವ್ವನನ್ನು ಕರೆದು ತೋರಿಸಿದಳು. ಫಕ್ಕೀರವ್ವ ಇಡೀ ಓಣಿಗೆ ಹೇಳಿ ಬಂದಳು.

ಮಧ್ಯಾಹ್ನ ಹೋಳಿಗೆ ಊಟ ಮುಗಿಸಿ, ಸಂಜೆಯ ಯುದ್ಧಕ್ಕೆ ಸ್ವಲ್ಪ ಕೈ ಪಳಗಿಸೋಣವೆಂದು ಅಂದಪ್ಪ ಟ್ಯಾಬಿನ ಮೇಲೆ ಕೈ ಹಾಕಿದ.

"ಏಯ್! ಕೈ ತಗಿ!" ಸಿದ್ದಲಿಂಗವ್ವ ಕೂಗಿದ ರಭಸಕ್ಕೆ ಹಿತ್ತಲಿನ ಎಮ್ಮೆ ಎದ್ದು ನಿಂತಿತು. "ಪೂಜಿಗೆ ಕುಂತ ಆಯುಧಾ ಎಬ್ಬಸ್ತೀ? ನಾಳೆ ಬನ್ನಿ ಮುಡಿಯೂತನಾ ಒಂದೂ ಏಳಾಂಗಿಲ್ಲ. ಹುಟ್ಟಿದಾಗಿಂದ ನೋಡೀದಿ, ಗೊತ್ತಿಲ್ಲೇನು?"

ಗೊತ್ತಿತ್ತು. ಚೆನ್ನಾಗಿ ಗೊತ್ತಿತ್ತು! ಈಳಿಗೆ ಪೂಜೆಗೆ ಕೂತಿದೆಯೆಂದು ನೇತ್ರಾ ಬದನೆಕಾಯಿಯನ್ನು ಕೈಯಲ್ಲೇ ಮುರಿದು ಪಲ್ಯ ಮಾಡಿದ್ದಳು, ಅದನ್ನು ಎರಡು ಸಲ ಹಾಕಿಸಿಕೊಂಡು ಉಂಡು ಎದ್ದಿದ್ದ. ಆದರೆ ಈಳಿಗೆಗೆ ಇರುವ ಕಾಯಿದೆಯೇ ಹಡಗಿಗೂ ಇರುತ್ತದೆಂಬುದು ಅವನ ತಲೆಗೆ ಹೋಗಿರಲಿಲ್ಲ, ಅಷ್ಟೇ.

"ಯವ್ವಾ, ಅದು ಬರೇ ಆಟದ್ದವಾ."

"ಮುಂಜಾನಿ ಹನ್ನೆರಡ ತೋಪ ಅಂದಿ. ಈಗ ಆಟಾ ಅಂತಿ. ದೇವರ ಮುಂದ ಸುಳ್ಳ ಹೇಳತೀಯೇನು?" ಎಂದವಳೇ ಸಿದ್ದಲಿಂಗವ್ವ ಕಂಬಳಿಯ ಮುಂದೆ ಚಕ್ಕಳಮಕ್ಕಳ ಹಾಕಿ ಕಾವಲು ಕೂತಳು. ಕೂತ ಮೇಲೆ ಇನ್ನೊಂದು ವಿಚಾರ ಬಂತು. "ಮತ್ತ ನಿನ್ನ ಫೋನು, ನೇತ್ರಾನ ಫೋನು? ಅವೂ ಇದರ ಮರಿನ ಅಲ್ಲೇನು? ತಂದ ಇಡ್ರಿ."

ಅವೂ ಬಂದು ಕೂತವು. ನೇತ್ರಾ ತನ್ನ ಫೋನು ಇಡುವಾಗ ಯಾಕೋ ಬಹಳ ತಡ ಮಾಡಿದಳು.

ಅಂದಪ್ಪ ಪಂಕ್ಚರ್ ಅಂಗಡಿಗೆ ಓಡಿದ, ಹೆಲ್ಮೆಟ್ಟು ಹಾಕಿಕೊಂಡೇ. ಇಲಿಯಾಸ ತನ್ನ ಫೋನು ಮುಂದೆ ಹಿಡಿದ. "ಇದರಾಗ ಆಡ್ರಿ ಅಣ್ಣಾ. ಪಾಸ್ವರ್ಡ್ ಹೇಳ್ರಿ." ಪಾಸ್ವರ್ಡು! ಆಟ ಹಾಕಿಕೊಂಡ ದಿನ, ಯಾರಿಗೂ ತಿಳಿಯಬಾರದೆಂದು ಎಷ್ಟು ಹುಷಾರಿಯಿಂದ ಕಠಿಣವಾದದ್ದು ಇಟ್ಟಿದ್ದನೆಂದರೆ, ಮರುದಿನ ಅವನಿಗೇ ತಿಳಿದಿರಲಿಲ್ಲ.

"ಇಲಿಯಾಸಾ, ನಾ ಮುಂಡರಗ್ಯಾಗ ಬೀಳಬೇಕಲ್ಲೋ! ಅತ್ತಿ ಮುಂದ!" ಎಂದು ಅಂದಪ್ಪ ಟಾಯರಿನ ಮೇಲೆ ಕುಸಿದು ಕೂತ. ಇಲಿಯಾಸ ಅಂಗಡಿಯ ಬಾಗಿಲು ಎಳೆದ. ಪೂಜೆಗೆ ಕೂತದ್ದನ್ನು ಮುಟ್ಟಲಿಕ್ಕೆ ದಾರಿ ಕೇಳೋಣವೆಂದು ಇಬ್ಬರೂ ಕೂಡಿ ಓಣಿಯ ಅಯ್ನೋರು ರಾಚಯ್ಯನವರ ಕಡೆಗೆ ಹೋದರು.

ರಾಚಯ್ಯನವರು ಆ ದಿನ ಮುಂಜಾನೆಯಿಂದ ಟ್ರ್ಯಾಕ್ಟರು, ಮೋಟರು, ಗಿರಣಿ ಪೂಜೆ ಮಾಡಿ ದಣಿದಿದ್ದರು. ಆದರೂ ಆಕಾಶದ ಹಡಗು ಎಂದಕೂಡಲೇ ಹೆಗಲ ಮೇಲೆ ವಸ್ತ್ರ ಹಾಕಿಕೊಂಡು ಎದ್ದರು. ಅವರು ಬರುವ ಹೊತ್ತಿಗೆ ಅಂದಪ್ಪನ ಪಡಸಾಲೆ ತುಂಬಿತ್ತು. ಫಕ್ಕೀರವ್ವನ ಪ್ರಚಾರದ ಫಲ.

ಅಯ್ನೋರು ಕಂಬಳಿಯ ಮುಂದೆ ಕೂತು, ಹಡಗನ್ನು ಎಡದಿಂದ ನೋಡಿದರು, ಬಲದಿಂದ ನೋಡಿದರು. ಆಮೇಲೆ ಕಣ್ಣು ಮುಚ್ಚಿದರು.

"ಟ್ರ್ಯಾಕ್ಟರ್ ಪೂಜಿ ಮಾಡಿ ಏನ ಮಾಡತೀವಿ?" ಎಂದರು.

"ನಿಂಬಿಹಣ್ಣ ಇಟ್ಟು ಓಡಸ್ತೀವ್ರಿ" ಎಂದರು ಎಲ್ಲರೂ.

"ಹೊಲಾ ಊಳೂ ರೆಂಟಿ ಪೂಜಿ ಮಾಡಿ?"

"ಕುಂಡ್ರಸ್ತೀವ್ರಿ."

"ಹಾಂ! ವಾಹನ ಓಡಬಹುದು, ಆಯುಧ ಕುಂಡ್ರಬೇಕು. ಈಗ ಈ ಹಡಗ ವಾಹನೋ, ಆಯುಧೋ? ಇದರಾಗ ಹೊಡಿಯೂದು ಹೆಚ್ಚಿದ್ರ ಆಯುಧ. ತಡಿಯೂದು ಹೆಚ್ಚಿದ್ರ ವಾಹನ. ತೋಪ ಎಷ್ಟು?"

"ಹನ್ನೆರಡ್ರಿ" ಎಂದ ಅಂದಪ್ಪ, ಸತ್ತ ದನಿಯಲ್ಲಿ.

"ಢಾಲು?"

ಅಂದಪ್ಪ ಹೆಲ್ಮೆಟ್ಟಿನ ಪಟ್ಟಿ ಬಿಗಿ ಮಾಡಿಕೊಂಡ. ಇಲಿಯಾಸ ಮಾತ್ರ ಜಿಗಿದೆದ್ದ. "ಅಯ್ನಾರ, ತೋಪ ತಗದು ಢಾಲು ಹಚ್ಚಾಕ ಬರತೈತ್ರಿ! ಕುಂತಲ್ಲೇ! ಎತ್ತೂದ ಬ್ಯಾಡ!"

ಅಯ್ನೋರು ಸಿದ್ದಲಿಂಗವ್ವನ ಮುಖ ನೋಡಿದರು. ಮಡಿಯಿಂದ ಮುಟ್ಟಬೇಕು, ಕೂತ ಜಾಗದಿಂದ ಅಲುಗಿಸಬಾರದು ಎಂಬ ಎರಡು ಕಟ್ಟಳೆಯ ಮೇಲೆ ಅವಳು ಒಪ್ಪಿದಳು. ಅಂದಪ್ಪ ಮತ್ತೊಮ್ಮೆ ತಣ್ಣೀರು ಹೊಯ್ದುಕೊಂಡು, ಹೆಲ್ಮೆಟ್ಟು ಮತ್ತೆ ಏರಿಸಿ, ಒದ್ದೆ ಪಂಚೆಯಲ್ಲಿ ಬಂದು ಮಂಡಿಯೂರಿದ. ಒಂದು ತೋಪು ತೆಗೆದ, ಒಂದು ಢಾಲು ಹಚ್ಚಿದ. ಹಲ್ಲು ಕೀಳಿಸಿಕೊಳ್ಳುವವನಂತೆ ಒಂದೊಂದಕ್ಕೂ ನರಳಿದ. ಆರು ಆರು ಆಯಿತು.

"ಬೆಷ್ಟ್! ಇಲ್ಲಿಗೆ ನಿಂದರ್ಸರಿ, ಇದಕ್ಕಿಂತ ಚೊಲೊ ಹಡಗ ಇಲ್ಲ!" ಎಂದ ಇಲಿಯಾಸ.

"ಸಮ ಆದ್ರ ಅನುಮಾನ ಬರತೈತಿ" ಎಂದರು ಅಯ್ನೋರು. "ಅನುಮಾನ ಬಂತಂದ್ರ ಕುಂಡ್ರಸೂದ ಪಾಡು."

ಏಳು ಢಾಲು, ಐದು ತೋಪು ಆಯಿತು. ಇಷ್ಟಕ್ಕೇ ಮುಗಿಯಬೇಕಿತ್ತು. ಆದರೆ ಪಡಸಾಲೆಯಲ್ಲಿ ಕೂತ ಮಂದಿ ಹೋಳಿಗೆ ಉಂಡು ಬಂದವರು, ಮಾತಾಡದೆ ಇರುತ್ತಾರೆಯೆ?

"ಯಕ್ಕಾ, ಮುಂದ ಢಾಲು ಹಚ್ಚಿದ್ರಿ. ಹಿಂದಿಂದ ಯಾರರ ಬಂದ್ರ?" ಎಂದಳು ಫಕ್ಕೀರವ್ವ.

"ಹೌದಲ್ಲ!" ಎಂದಳು ಸಿದ್ದಲಿಂಗವ್ವ. "ಹಿತ್ತಲ ಬಾಗಲಾ ತಗದಿಟ್ಟು ಮಲಗತಾರೇನು? ಹಚ್ಚಲೇ ಹಿಂದೊಂದು."

ಒಬ್ಬರು ಮೇಲೆ ಬೇಕೆಂದರು. ಇನ್ನೊಬ್ಬರು, ಆಕಾಶದಲ್ಲಿ ಕೆಳಗೂ ಬಯಲೇ ಅಲ್ಲವೆ, ಕೆಳಗೊಂದು ಎಂದರು. ಕೂಸಿನ ತೊಟ್ಟಿಲಿಗೆ ಸೊಳ್ಳೆಪರದೆ ಕಟ್ಟುವಂತೆ ಎಲ್ಲರೂ ಕೂಡಿ ಹಡಗಿಗೆ ಢಾಲು ಹೊದಿಸಿದರು. ಕಡೆಗೆ ಉಳಿದದ್ದು ಒಂದೇ ತೋಪು.

"ಅದನ್ನೂ ತಗೀರಿ, ಗೂಡ ಖಾಲಿ ಆಗತೈತಿ" ಎಂದಳು ಫಕ್ಕೀರವ್ವ.

"ಬ್ಯಾಡ" ಎಂದಳು ಸಿದ್ದಲಿಂಗವ್ವ. "ನಾಯಿ ಬಂದ್ರ ಒಂದ ಬಡಿಗಿ ಇರಲಿ. ಅಂದ್ಯಾ, ಕೇಳಿಲ್ಲಿ, ಹೊಡಿಯೂದು ಏನ ದೊಡ್ಡದಲ್ಲ, ತಡಕೊಳ್ಳೂದು ಕಲಿ."

ಅಂದಪ್ಪ ತನ್ನ ಹಡಗನ್ನು ನೋಡಿದ. ಕಣ್ಣಲ್ಲಿ ನೀರೇ ಬಂತು. ಹುಲಿಯಂತಿದ್ದ ಹಡಗು, ಮದುವೆ ಮನೆಯಲ್ಲಿ ಮೂರು ಶಾಲು ಹೊದ್ದು ಕೂತ ಹಿರಿಯರಂತೆ ಕಾಣುತ್ತಿತ್ತು.

ವಾಹನವೆಂದು ತೀರ್ಮಾನವಾದ ಮೇಲೆ ನಿಂಬೆಹಣ್ಣು ಬೇಕಾಯಿತು. ನಿಂಬೆಹಣ್ಣು ಬಂದಮೇಲೆ ಗಾಲಿ ಬೇಕಾಯಿತು. ಹಡಗಿಗೆ ಗಾಲಿ ಎಲ್ಲಿಂದ ತರುವುದು? ಅಯ್ನೋರು ಬಹಳ ಯೋಚಿಸಿ, ಓಡಿಸುವವನೇ ಹಡಗಿನ ಪರವಾಗಿ ತುಳಿಯಬಹುದು ಎಂದರು. ಅಂದಪ್ಪ ಹಿಮ್ಮಡಿಯಿಂದ ನಿಂಬೆಹಣ್ಣು ತುಳಿದು, ರಸಕ್ಕೆ ಜಾರಿ, ಕಬ್ಬಿಣದ ಕಲ್ಲಿಗೆ ಬೆರಳು ಬಡಿಸಿಕೊಂಡ. ಸುದೈವದಿಂದ ಹೆಲ್ಮೆಟ್ಟು ತಲೆಯ ಮೇಲೇ ಇತ್ತು.

ಅದೇ ಹೊತ್ತಿಗೆ ಕಂಬಳಿಯ ಮೇಲಿನ ನೇತ್ರಾಳ ಫೋನು ಬಾರಿಸತೊಡಗಿತು. ಎತ್ತುವಂತಿಲ್ಲ. ಎಲ್ಲರೂ ಬಗ್ಗಿ ನೋಡಿದರು. ಕುಂಕುಮದ ನಡುವೆ "ಮಹಾದೇವ" ಎಂದು ಹೆಸರು ಮಿನುಗುತ್ತಿತ್ತು. ನಿಂತಿತು, ಮತ್ತೆ ಬಾರಿಸಿತು. ಅಂದಪ್ಪ ಹೆಂಡತಿಯ ಕಡೆ ತಿರುಗಿದ.

"ಹಬ್ಬಕ್ಕ ಮಾತಾಡಾಕ ಮಾಡಿದಾನ್ರಿ" ಎಂದಳು ನೇತ್ರಾ, ಗೋಡೆ ನೋಡುತ್ತ.

"ಖರೆ ಹೇಳು. ನನ್ನ ಹಡಗಿನ ಖಬರ ಅವಂಗ ಯಾರ ಕೊಟ್ಟಾರ?"

"ನಿನ್ನೆ ಸುಮ್ನ ಅಂದೀನ್ರಿ, ನಿಮ್ಮ ಮಾಮಾ ಬರೇ ತೋಪ ಹಚ್ಯಾರಪಾ ಅಂತ. ಅದಕ್ಕ ಅವನೂ ತನ್ನ ಢಾಲು ಎಲ್ಲಾ ತಗದು ಹನ್ನೆರಡೂ ತೋಪ ಹಚ್ಯಾನಂತ. ಮೊದಲ ಹೊಡದಾಂವ ಗೆದ್ದಾಂವ ಅಂದ. ತಮ್ಮ ಅಲ್ರೀ, ಏನ ಮಾಡಲಿ?"

ಅಂದಪ್ಪನಿಗೆ ಸಿಟ್ಟೂ ಬಂತು, ನಾಚಿಕೆಯೂ ಬಂತು. ಆದರೆ ಯಾವುದನ್ನೂ ತೋರಿಸಲಿಕ್ಕೆ ಹೊತ್ತಿರಲಿಲ್ಲ. ಏಳು ಬಡಿಯಿತು.

ಯುದ್ಧ ಶುರುವಾಯಿತು. ಮಹಾದೇವನ ಹನ್ನೆರಡು ತೋಪು ಒಮ್ಮೆಲೇ ಢಂ ಎಂದವು. ಪಡಸಾಲೆಯ ಮಂದಿ "ಯಪ್ಪಾ!" ಎಂದು ಹಿಂದೆ ಸರಿದರು. ಅಂದಪ್ಪ ಕಣ್ಣು ಮುಚ್ಚಿದ. ಇಷ್ಟು ಹೊತ್ತಿಗೆ ಅವನ ಹಡಗು ಸ್ಫೋಟವಾಗಿ ಇಲಿಯಾಸ ದುರಸ್ತಿಗೆ ಹೊರಡುವುದು ವಾಡಿಕೆ. ಕಣ್ಣು ತೆಗೆದು ನೋಡಿದರೆ ಹಡಗು ಇದ್ದಲ್ಲೇ ಇದೆ! ಒಂದು ಢಾಲಿಗೆ ತುಸು ಗೀರು ಬಿದ್ದಿತ್ತು, ಅಷ್ಟೇ.

ಮಹಾದೇವ ಮತ್ತೆ ಹೊಡೆದ. ಮತ್ತೆ ಮತ್ತೆ ಹೊಡೆದ. ಅಂದಪ್ಪನ ಹಡಗು ನಡುರಸ್ತೆಯಲ್ಲಿ ನಿಂತ ಎಮ್ಮೆಯಂತೆ ಸುಮ್ಮನೆ ನಿಂತಿತ್ತು. ಓಡಿಸಲಿಕ್ಕೆ ನೋಡಿದರೂ ಆ ಭಾರಕ್ಕೆ ಅದು ಓಡುವಂತಿರಲಿಲ್ಲ.

"ಅಣ್ಣಾ, ಅವನ ತೋಪ ಕಾದಾವು!" ಇಲಿಯಾಸ ತನ್ನ ಫೋನಿನಲ್ಲಿ ಚಿತ್ರ ಹಿಡಿಯುತ್ತಲೇ ಕೂಗಿದ. "ಹನ್ನೆರಡೂ ಒಮ್ಮೆ ಹೊಡದ್ರ ಹಡಗ ಕಾಯತೈತಿ. ನೋಡ್ರಿ, ತನ್ನ ಬೆಂಕಿಗೆ ತಾನ ಸುಡಾಕತ್ತಾನ!"

ನಿಜ. ಮಹಾದೇವನ ಹಡಗು ಕೆಂಪಗೆ ಕಾದು ನಿಂತುಬಿಟ್ಟಿತು. ಅದರ ಜೀವದ ಪಟ್ಟಿ ಕೂದಲೆಳೆಯಷ್ಟು ಉಳಿದಿತ್ತು. ಒಂದೇ ಒಂದು ಗುಂಡು ಸಾಕು. ಅಂದಪ್ಪನ ಬಲಗೈ ಬೆರಳು ಆ ಒಂಟಿ ತೋಪಿನ ಗುಂಡಿಯ ಕಡೆ ಇಳಿಯತೊಡಗಿತು.

ಗಂಟೆ ಬಾರಿಸಿತು. "ಆರತಿ! ಏಳ್ರಿ ಏಳ್ರಿ, ಎಲ್ಲಾರೂ ಏಳ್ರಿ!" ಎಂದರು ರಾಚಯ್ಯನವರು. ಅವರಿಗೆ ಇನ್ನೂ ಎರಡು ಮನೆ ಬಾಕಿ ಇದ್ದವು.

"ಅಯ್ನಾರ, ಒಂದ ಮಿನಿಟ್ರಿ!"

"ಆರತಿ ಹೊತ್ತಿನಾಗ ಕೈ ಇಡತೀಯೇನಲೇ ಅದರ ಮ್ಯಾಲೆ?" ಸಿದ್ದಲಿಂಗವ್ವ ಮಗನ ಕೈ ಹಿಡಿದೆತ್ತಿ, ಆರತಿ ತಟ್ಟೆ ಕೊಟ್ಟೇಬಿಟ್ಟಳು. ಮನೆಯ ಯಜಮಾನ, ಬೆಳಗಬೇಕಲ್ಲ! ಅಂದಪ್ಪ ಬೆಳಗಿದ. ಎಷ್ಟು ಜೋರಾಗಿ ಬೆಳಗಿದನೆಂದರೆ ಎರಡು ಬತ್ತಿ ಆರಿದವು, ಅಯ್ನೋರು ಸಿಟ್ಟಾಗಿ ಮತ್ತೆ ಹಚ್ಚಿದರು. ಅತ್ತ ಪರದೆಯಲ್ಲಿ ಮಹಾದೇವನ ತೋಪು ಒಂದೊಂದಾಗಿ ತಣ್ಣಗಾಗತೊಡಗಿದವು. ಅಂದಪ್ಪನ ಕಣ್ಣ ಮುಂದೆ ಮುಂಡರಗಿಯ ಪಡಸಾಲೆ ಬಂತು. ಅತ್ತೆ ಬಂದಳು. ಮಹಾದೇವನ ಎರಡು ಪಾದ ಬಂದವು. "ಶಿವನ, ಕಾಪಾಡಪಾ" ಎಂದು ಅವನು ನಿಜವಾಗಿಯೂ ಮನಸಾರೆ ಬೇಡಿದ್ದು ಆಗಲೇ.

ಕಳಸದ ಮೇಲಿನ ಚೆಂಡು ಹೂ ಒಂದು ಜಾರಿ ಟ್ಯಾಬಿನ ಮೇಲೆ ಬಿದ್ದು, ಅಂಚಿಗೆ ಸಿಕ್ಕಿ ನಿಂತಿತು.

"ಪ್ರಸಾದ ಆತು! ಬಲಕ್ಕ ಬಿತ್ತು!" ಎಂದಳು ಫಕ್ಕೀರವ್ವ. ಸಿದ್ದಲಿಂಗವ್ವ ಕೈ ಚಾಚಿ, ಭಕ್ತಿಯಿಂದ ಆ ಹೂ ಎತ್ತಿ ಕಣ್ಣಿಗೆ ಒತ್ತಿಕೊಂಡಳು. ಎತ್ತುವಾಗ ಅವಳ ಹೆಬ್ಬೆರಳು ಪರದೆಗೆ ತಾಗಿತು. ಒಂಟಿ ತೋಪು ಟಪ್ ಎಂದಿತು. ಮಹಾದೇವನ ಹಡಗು ದೀಪಾವಳಿಯಾಗಿ ಹೋಯಿತು.

ಅಂದಪ್ಪ ಆರತಿ ತಟ್ಟೆ ಹಿಡಿದುಕೊಂಡೇ ಕುಣಿದ.

ಮರುದಿನ ಮುಂಜಾನೆಯಿಂದ ಕಾಟಾಕ್ಕೆ ಬಂದ ಪ್ರತಿಯೊಬ್ಬ ಡ್ರೈವರನಿಗೂ ಅವನು ಯುದ್ಧದ ಕಥೆ ಹೇಳಿದ. ಮೊದಲ ಡ್ರೈವರನಿಗೆ ಹೇಳಿದ ಕಥೆಯಲ್ಲಿ ಹೂ ಇತ್ತು, ತಾಯಿಯೂ ಇದ್ದಳು. ಹೊತ್ತು ಏರಿದಂತೆ ಹೂ ಹೋಯಿತು. ಮಧ್ಯಾಹ್ನದ ಹೊತ್ತಿಗೆ ತಾಯಿಯೂ ಹೋಗಿ, ಅಂದಪ್ಪನೊಬ್ಬನೇ ವೈರಿಯನ್ನು ಬೇಕೆಂದೇ ಕಾಯಿಸಿ, ತಕ್ಕ ಗಳಿಗೆ ನೋಡಿ ಹೊಡೆದಿದ್ದ.

ಸಂಜೆ ಬನ್ನಿ ಮುಡಿದು ಬಂದ ಮೇಲೆ ಓಣಿಯವರೆಲ್ಲ ಅಂದಪ್ಪನ ಅಂಗಳದಲ್ಲಿ ಸೇರಿದರು. ಅಂದಪ್ಪ ಹೊಸ ಧೋತರ ಉಟ್ಟು, ಕುರ್ಚಿಯ ಮೇಲೆ ಕೂತು, ಎರಡು ಸಲ ತೊಳೆದ ಪಾದಗಳನ್ನು ಒಂದು ಮಣೆಯ ಮೇಲೆ ಜೋಡಿಸಿಟ್ಟಿದ್ದ. ಮಹಾದೇವನ ಮೋಟರ್ ಸೈಕಲ್ಲು ಬಂದು ನಿಂತಿತು. ಹಿಂದೆ ಅತ್ತೆ ಚನ್ನಮ್ಮ. ಮಹಾದೇವ ಕೈಯಲ್ಲಿ ಬನ್ನಿ ಹಿಡಿದು, ತಲೆ ತಗ್ಗಿಸಿ, ನೆಟ್ಟಗೆ ಕುರ್ಚಿಯ ಕಡೆ ನಡೆದು ಬಂದ. ಅಂದಪ್ಪ ಆಶೀರ್ವಾದಕ್ಕೆ ಕೈ ಎತ್ತಿದ.

ಮಹಾದೇವ ಆ ಪಾದಗಳನ್ನು ಬಳಸಿಕೊಂಡು ಮುಂದೆ ಹೋದ. ಬಾಗಿಲಲ್ಲಿ ಕೂತಿದ್ದ ಸಿದ್ದಲಿಂಗವ್ವನ ಕೈಗೆ ಬನ್ನಿ ಕೊಟ್ಟು ಅಡ್ಡಬಿದ್ದ.

"ಲೇ ಮಹಾದೇವಾ, ಗೆದ್ದಾಂವ ಇಲ್ಲಿ ಕುಂತೀನಿ!" ಎಂದ ಅಂದಪ್ಪ.

"ಮಾಮಾ, ಇಲಿಯಾಸ ರಾತ್ರಿನ ವಿಡಿಯೋ ಹಾಕ್ಯಾನ್ರಿ. ಇಡೀ ಮುಂಡರಗಿ ನೋಡೇತಿ. ಗೆದ್ದವರ ಕಾಲಿಗೆ ಬೀಳಬೇಕು ಅಂತ ಪಂದ್ಯ. ಮಾತಂದ್ರ ಮಾತು."

ಅಂದಪ್ಪ ಇಲಿಯಾಸನನ್ನು ಹುಡುಕಿದ. ಇಲಿಯಾಸ ಫಕ್ಕೀರವ್ವನ ಬೆನ್ನ ಹಿಂದೆ ಕೂತು ಹೋಳಿಗೆ ತಿನ್ನುತ್ತಿದ್ದ. ಅತ್ತೆಯ ಕಡೆ ನೋಡಿದ. ಚನ್ನಮ್ಮ ಸೆರಗು ಬಾಯಿಗೆ ಹಚ್ಚಿಕೊಂಡು ನಗುತ್ತಿದ್ದಳು. ವರ್ಷಾ ವರ್ಷಾ ಪುಗಸಟ್ಟೆ ಸಿಗುತ್ತಿದ್ದ ನಮಸ್ಕಾರವೂ ಈ ಸಲ ಹೋಗಿತ್ತು.

"ನೀನೂ ಬಾರಲೇ ಅಂದ್ಯಾ" ಎಂದಳು ಸಿದ್ದಲಿಂಗವ್ವ. "ಹಡಗ ನಿಂದಾದ್ರೂ ತೋಪ ಹಾರಿಸಿದಾಕಿ ನಾನು."

ಅಂದಪ್ಪ ಎದ್ದ. ಬನ್ನಿ ಕೊಟ್ಟು ಮಹಾದೇವನ ಮಗ್ಗಲಲ್ಲೇ ಅಡ್ಡಬಿದ್ದ. ಹೆಲ್ಮೆಟ್ಟು ಬಾಗಿಲ ಹೊಸ್ತಿಲಿಗೆ ಟಕ್ ಎಂದಿತು.

"ಬಂಗಾರದಂಗ ಇರ್ರೆಪಾ ಇಬ್ಬರೂ" ಎಂದು ಸಿದ್ದಲಿಂಗವ್ವ ಇಬ್ಬರ ತಲೆಯನ್ನೂ ಸವರಿದಳು. ಆಮೇಲೆ ಮಗನ ಕಿವಿಯ ಹತ್ತಿರ ಬಗ್ಗಿದಳು. "ಬನ್ನಿ ಮುಡದಾತು. ಆಯುಧಾ ಎಬ್ಬಸಬಹುದಲ್ಲ? ಹೋಗಿ ಆ ಹಡಗ ತೊಗೊಂಡ ಬಾ."

ಅಂದಪ್ಪ ಟ್ಯಾಬು ತಂದುಕೊಟ್ಟ. ಅವಳು ಅದನ್ನು ತೊಡೆಯ ಮೇಲಿಟ್ಟುಕೊಂಡು, ಚಸ್ಮಾ ಸರಿಪಡಿಸಿಕೊಂಡು, ಹನ್ನೊಂದು ಢಾಲುಗಳನ್ನೂ ಒಂದು ತೋಪನ್ನೂ ಬಹಳ ಹೊತ್ತು ನೋಡಿದಳು. ನಿನ್ನೆ ಆ ತೋಪು ಟಪ್ ಎಂದಾಗ ಹೆಬ್ಬೆರಳಿಗೆ ಆದ ಸುಖ ಅವಳಿಗೆ ಇನ್ನೂ ಮರೆತಿರಲಿಲ್ಲ.

"ಈ ಢಾಲು ಎಲ್ಲಾ ಯಾಕಲೇ, ಹೊರೆ?" ಎಂದಳು. "ತಗದ ಒಗಿ. ಹನ್ನೆರಡೂ ತೋಪ ಹಚ್ಚು."

ಮಗ್ಗಲಲ್ಲಿ ಕೂತ ಮಹಾದೇವ ಸದ್ದಿಲ್ಲದೆ ತನ್ನ ಫೋನು ತೆಗೆದು ಢಾಲು ಹಚ್ಚತೊಡಗಿದ.